ಮೊದಲ ವೈಡ್ ಆ್ಯಂಗಲ್ ಲೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಹಿಡಿದು ಒಂದು ವರ್ಷ ಓಡಾಡಿದವರಿಗೆ ಸಾಮಾನ್ಯವಾಗಿ ಎರಡು ಆಸೆ ಹುಟ್ಟುತ್ತದೆ. ಒಂದು, ದೂರದ ಹಕ್ಕಿ ಹತ್ತಿರ ಕಾಣಬೇಕು. ಇನ್ನೊಂದು, ಎದುರಿಗಿರುವುದೆಲ್ಲ ಒಂದೇ ಫೋಟೋದಲ್ಲಿ ಬರಬೇಕು. ಎರಡನೆಯ ಆಸೆಯವರು ಮಾತಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಮದುವೆಮನೆಯ ಊಟದ ಸಾಲಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಸರ್, ವೈಡ್ ಅಂದ್ರೆ ಎಷ್ಟು ಎಂಎಂ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಲ್ಲರೂ ಸರಿಯಾಗಿಯೇ ಹೇಳುತ್ತಿರುತ್ತಾರೆ, ಅವರವರ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಬೇರೆ ಅಷ್ಟೇ. ಎಂಎಂ ಅನ್ನುವುದು ಲೆನ್ಸಿನ ಫೋಕಲ್ ಲೆಂಗ್ತ್, ಅದು ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಅಗಲ ನೋಡುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ ಇರುತ್ತದೆ. ಅದರಲ್ಲಿ 35 ಎಂಎಂಗಿಂತ ಕಡಿಮೆ ಇದ್ದರೆ ವೈಡ್, 24ಕ್ಕಿಂತ ಕಡಿಮೆ ಇದ್ದರೆ ಅಲ್ಟ್ರಾ ವೈಡ್ ಅನ್ನುವುದು ರೂಢಿ. ನಮ್ಮಲ್ಲಿ ಹೆಚ್ಚು ಜನರ ಕೈಯಲ್ಲಿರುವುದು ಕ್ರಾಪ್ ಸೆನ್ಸರ್, ಅಂದರೆ ಎಪಿಎಸ್-ಸಿ. ನಿಕಾನ್, ಸೋನಿ, ಫ್ಯೂಜಿಯಲ್ಲಿ ಅದು ಸುಮಾರು 23.5 ಎಂಎಂ ಅಗಲ. ಕೆನಾನ್‌ನಲ್ಲಿ ಇನ್ನೂ ಸ್ವಲ್ಪ ಚಿಕ್ಕದು, 22.3 ಎಂಎಂ. ಲೆನ್ಸ್ ಮೇಲೆ ಬರೆದಿರುವ ಸಂಖ್ಯೆಯನ್ನು 1.5ರಿಂದ, ಕೆನಾನ್ ಆದರೆ 1.6ರಿಂದ ಗುಣಿಸಿ. ಫುಲ್ ಫ್ರೇಮ್‌ನಲ್ಲಿ ಅದು ಯಾವ ಲೆನ್ಸ್‌ನಂತೆ ಕಾಣುತ್ತಿತ್ತು ಅನ್ನುವುದು ಸಿಗುತ್ತದೆ. 10 ಎಂಎಂ ಲೆನ್ಸ್ 15 ಅಥವಾ 16ರಂತೆ ಕಾಣುತ್ತದೆ. ಈ ಬರಹದಲ್ಲಿ ಬೇರೆ ಹೇಳದಿದ್ದರೆ ಎಲ್ಲ ಸಂಖ್ಯೆಗಳೂ ಕ್ರಾಪ್ ಸೆನ್ಸರ್‌ನವು.

ಕಿಟ್ ಲೆನ್ಸಲ್ಲೇ 18 ಎಂಎಂ ಇದೆಯಲ್ಲ. ಅದು ಸಾಕಾಗಲ್ವಾ?

ತುಂಬಾ ಜನಕ್ಕೆ ಸಾಕಾಗುತ್ತದೆ. ದುಡ್ಡು ಕೊಡುವ ಮೊದಲು ಒಂದು ಸಂಜೆ ಕೂತು ನಿಮ್ಮ ಹಳೆಯ ಫೋಟೋಗಳನ್ನು ತೆಗೆದು ನೋಡಿ. ಪ್ರತಿ ಫೋಟೋದ ಮಾಹಿತಿಯಲ್ಲಿ ಯಾವ ಎಂಎಂನಲ್ಲಿ ತೆಗೆದದ್ದು ಅಂತ ಇರುತ್ತದೆ. ಹೆಚ್ಚಿನವು 24, 35, 50ರಲ್ಲಿದ್ದರೆ ನಿಮಗೆ ಬೇಕಿರುವುದು ವೈಡ್ ಲೆನ್ಸ್ ಅಲ್ಲ. ಅರ್ಧಕ್ಕಿಂತ ಜಾಸ್ತಿ 18ರಲ್ಲೇ ಇದ್ದರೆ, ಮತ್ತು ತೆಗೆಯುವಾಗ "ಇನ್ನೊಂದು ಸ್ವಲ್ಪ ಹಿಂದೆ ಹೋಗೋಣ ಅಂದ್ರೆ ಗೋಡೆ ಅಡ್ಡ ಬಂತು" ಅನ್ನಿಸಿದ್ದರೆ, ಹೌದು, ಬೇಕು.

ಎಷ್ಟು ವೈಡ್ ಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಸೆನ್ಸರಿನ ಅಗಲವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ದೂರದಿಂದ ಗುಣಿಸಿ. 10 ಅಡಿ ದೂರ ನಿಂತರೆ 18 ಎಂಎಂನಲ್ಲಿ ಸುಮಾರು 13 ಅಡಿ ಅಗಲದ ಗೋಡೆ ಹಿಡಿಯುತ್ತದೆ. ಅಲ್ಲೇ ನಿಂತು 12 ಎಂಎಂ ಹಾಕಿದರೆ ಸುಮಾರು 20 ಅಡಿ, 10 ಎಂಎಂ ಹಾಕಿದರೆ 23.5 ಅಡಿ. ಕೊನೆಯ ಎರಡು ಎಂಎಂಗೆ ಮೂರು ಅಡಿಗೂ ಮಿಕ್ಕಿ ಸಿಕ್ಕಿತು ನೋಡಿ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ 200 ಇದ್ದದ್ದು 202 ಆದರೆ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಒಂದೊಂದು ಎಂಎಂಗೂ ಲೆಕ್ಕ ಇದೆ.

ಮೊಬೈಲಲ್ಲೇ 0.5 ಒತ್ತಿದ್ರೆ ವೈಡ್ ಬರುತ್ತೆ. ಮತ್ಯಾಕೆ ಲೆನ್ಸಿಗೆ ದುಡ್ಡು?

ಹಗಲು ಬೆಳಕಿನಲ್ಲಿ ತೆಗೆದು ಫೋನಿನಲ್ಲೇ ನೋಡುವುದಾದರೆ ಬೇಡವೇ ಬೇಡ. ಸಂಜೆಯಾದ ಮೇಲೆ, ಕತ್ತಲ ಮಂಟಪದ ಒಳಗೆ, ದೊಡ್ಡದಾಗಿ ಪ್ರಿಂಟ್ ಹಾಕಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಫೋನಿನ ಆ ಕ್ಯಾಮೆರಾದ ಸೆನ್ಸರ್ ಬಹಳ ಚಿಕ್ಕದು.

ಆದರೆ ಆ 0.5 ಒಳ್ಳೆಯ ಗುರು. ಬಹಳ ಫೋನ್‌ಗಳಲ್ಲಿ ಅದು ಫುಲ್ ಫ್ರೇಮ್ ಲೆಕ್ಕದಲ್ಲಿ 13ರಿಂದ 16 ಎಂಎಂ ಆಸುಪಾಸಿನದು. ಅಂದರೆ ನೀವು ಕೊಳ್ಳಬೇಕೆಂದಿರುವ 10 ಎಂಎಂ ಲೆನ್ಸ್ ಹೇಗೆ ನೋಡುತ್ತದೋ ಹೆಚ್ಚುಕಡಿಮೆ ಹಾಗೆಯೇ. ಒಂದು ತಿಂಗಳು ಅದರಲ್ಲೇ ತೆಗೆಯಿರಿ. ತಿಂಗಳ ಕೊನೆಯಲ್ಲೂ ಇಷ್ಟವಾದರೆ ಕೊಳ್ಳಿ. ನನ್ನ ತಂಗಿಗೆ ಇದನ್ನೇ ಹೇಳಿದ್ದೆ. ಅವಳಿಗೆ ಎರಡೇ ವಾರದಲ್ಲಿ ಬೇಸರ ಬಂತು, ಆ ದುಡ್ಡಿಗೆ 35 ಎಂಎಂ ಕೊಂಡಳು. ಈಗ ಮಕ್ಕಳ ಫೋಟೋ ಎಷ್ಟು ಚೆನ್ನಾಗಿ ತೆಗೆಯುತ್ತಾಳೆ!

## ಕೊಳ್ಳುವ ಮುಂಚೆ

ಅಣ್ಣಾ, ಇಡೀ ಗೋಪುರ ಒಂದೇ ಫ್ರೇಮಲ್ಲಿ ಬರಬೇಕು. ಅದಕ್ಕೆ ಯಾವುದು?

ಮೊದಲು ಹಿಂದೆ ಸರಿಯಲು ಜಾಗ ಇದೆಯಾ ನೋಡಿ. ಹಂಪಿಯ ವಿರೂಪಾಕ್ಷನ ದೊಡ್ಡ ಗೋಪುರವನ್ನೇ ತೆಗೆದುಕೊಳ್ಳಿ. ಎತ್ತರ ಸುಮಾರು 50 ಮೀಟರ್. ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ಮೇಲಕ್ಕೆ ಓರೆ ಮಾಡದೆ ನೇರ ಇಟ್ಟರೆ, 18 ಎಂಎಂನಲ್ಲಿ ಅದು ಪೂರ್ತಿ ಹಿಡಿಯಲು ಸುಮಾರು 75 ಮೀಟರ್ ಹಿಂದೆ ಹೋಗಬೇಕು. 10 ಎಂಎಂ ಆದರೆ 41 ಮೀಟರ್ ಸಾಕು. ಆದರೆ ಗೋಪುರದ ಮುಂದೆ ಉದ್ದಕ್ಕೆ ರಥಬೀದಿ ಬಿದ್ದಿದೆ. ನೂರು ಹೆಜ್ಜೆ ನಡೆದರೆ ಕಿಟ್ ಲೆನ್ಸಿನಲ್ಲೇ ಕೆಲಸ ಆಯಿತು, ಗೋಪುರಕ್ಕೂ ಗಾಂಭೀರ್ಯ ಉಳಿಯಿತು.

ಅದೇ ಗುಡಿಯ ಒಳಗೆ ಹೋಗಿ. ರಂಗಮಂಟಪದ ಕಂಬಗಳ ಮಧ್ಯೆ ನಿಂತು ಮೇಲಿನ ಚಿತ್ರಗಳ ಚಾವಣಿ ತೆಗೆಯಬೇಕು. ಹಿಂದೆ ಹೋಗಲು ಜಾಗವೂ ಇಲ್ಲ, ಹೋದರೆ ಕಂಬ ಅಡ್ಡ. ಇಲ್ಲಿ 10 ಎಂಎಂ ಬೇಕು. ನೀವು ತೆಗೆಯುವ ಜಾಗಗಳು ಮೊದಲನೆಯ ಥರದವೋ ಎರಡನೆಯ ಥರದವೋ ಅಂತ ಯೋಚಿಸಿ, ಉತ್ತರ ತಾನಾಗಿ ಸಿಗುತ್ತದೆ. ಹಂಪಿಗೆ ಹೋದಾಗ ಗೋಪುರದ ತಲೆಕೆಳಗಾದ ನೆರಳು ಗೋಡೆ ಮೇಲೆ ಬೀಳುವ ಜಾಗವನ್ನೂ ನೋಡಿ ಬನ್ನಿ. ಒಂದು ಸಣ್ಣ ಕಂಡಿ, ಒಂದು ಕತ್ತಲೆ ಕೋಣೆ. ಲೆನ್ಸೇ ಇಲ್ಲದ ಕ್ಯಾಮೆರಾ ಅದು.

ಝೂಮ್ ತಗೊಳ್ಳಲಾ, ಪ್ರೈಮ್ ತಗೊಳ್ಳಲಾ?

ಪ್ರೈಮ್ ಅಂದರೆ ಒಂದೇ ಎಂಎಂನ, ಝೂಮ್ ಆಗದ ಲೆನ್ಸ್. ಮೊದಲ ವೈಡ್ ಲೆನ್ಸ್ ಝೂಮ್ ಆಗಿರಲಿ. 10-18 ಅಥವಾ 10-20 ಇದ್ದರೆ ನಿಮಗೆ ಯಾವ ಅಗಲ ಇಷ್ಟ ಅಂತ ಒಂದು ವರ್ಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಬೇಕಿದ್ದರೆ ಆ ಒಂದು ಅಗಲದ ಪ್ರೈಮ್ ತಗೊಳ್ಳಿ. ನಕ್ಷತ್ರವನ್ನೇ ತೆಗೆಯಬೇಕು ಅಂತ ಹಟ ಹಿಡಿದವರಿಗೆ ಮಾತ್ರ ನೇರವಾಗಿ ಪ್ರೈಮ್ ಹೇಳುತ್ತೇನೆ.

ಎಫ್ 2.8 ಇಲ್ದಿದ್ರೆ ಕತ್ತಲಲ್ಲಿ ಏನೂ ಆಗಲ್ಲ ಅಂತಾರೆ. ನಿಜವಾ?

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು, ಬೆಳಕು ಜಾಸ್ತಿ. ಅದು ಬೇಕಾ ಅನ್ನುವುದು ಎದುರಿಗಿರುವುದು ಅಲುಗಾಡುತ್ತದಾ ಇಲ್ಲವಾ ಅನ್ನುವುದರ ಮೇಲೆ ಹೋಗುತ್ತದೆ. ವಿಜಯಪುರದ ಗೋಳಗುಮ್ಮಟದ ಒಳಗೆ ಬೆಳಕು ಕಡಿಮೆ, ಆದರೆ ಗುಮ್ಮಟ ಎಲ್ಲಿಗೂ ಹೋಗುವುದಿಲ್ಲ. ಲೆನ್ಸಿನಲ್ಲಿ ಕೈ ನಡುಕ ತಗ್ಗಿಸುವ ಸ್ಟೆಬಿಲೈಸೇಶನ್ ಇದ್ದರೆ, ಉಸಿರು ಬಿಗಿಹಿಡಿದು ಕಾಲು ಸೆಕೆಂಡಿನ ಫೋಟೋವನ್ನೂ ಕೈಯಲ್ಲೇ ತೆಗೆಯಬಹುದು. ವೈಡ್ ಲೆನ್ಸಿನಲ್ಲಿ ಕೈ ನಡುಕ ಕಡಿಮೆ ಕಾಣುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ, ಹಾಗಾಗಿ ಅಲ್ಲಿ ಎಫ್ 2.8ಗಿಂತ ಸ್ಟೆಬಿಲೈಸೇಶನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕುಣಿತ, ಯಕ್ಷಗಾನ, ಮದುವೆಮನೆಯ ರಾತ್ರಿ ಮೆರವಣಿಗೆ, ನಕ್ಷತ್ರ, ಇವಕ್ಕೆ ಎಫ್ 2.8 ಬೇಕು. ಎಫ್ 4.5ಕ್ಕಿಂತ ಎಫ್ 2.8 ಎರಡೂವರೆ ಪಟ್ಟು ಜಾಸ್ತಿ ಬೆಳಕು ಬಿಡುತ್ತದೆ.

ಸುಮ್ನೆ ಹೆಸರು ಹೇಳಿಬಿಡಿ. ನನ್ನ ಕ್ಯಾಮೆರಾಗೆ ಯಾವುದು?

ಕೆನಾನ್‌ನ ಕನ್ನಡಿ ಇರುವ ಕ್ರಾಪ್ ಡಿಎಸ್‌ಎಲ್‌ಆರ್ ಇದ್ದರೆ ಇಎಫ್-ಎಸ್ 10-18 ಎಂಎಂ ಎಸ್‌ಟಿಎಂ. 2014ರಲ್ಲಿ ಬಂದದ್ದು, 240 ಗ್ರಾಂ ತೂಕ, ಸ್ಟೆಬಿಲೈಸೇಶನ್ ಇದೆ. ಸೆಕೆಂಡ್ ಹ್ಯಾಂಡಿನಲ್ಲಿ ಧಾರಾಳ ಸಿಗುತ್ತದೆ. ನನಗೆ ಕೇಳಿದರೆ ಕಡಿಮೆ ದುಡ್ಡಿಗೆ ಇಷ್ಟು ಕೆಲಸ ಮಾಡುವ ವೈಡ್ ಲೆನ್ಸ್ ಇನ್ನೊಂದಿಲ್ಲ. ಆರ್10, ಆರ್50ರಂಥ ಮಿರರ್‌ಲೆಸ್ ಇದ್ದರೆ ಆರ್‌ಎಫ್-ಎಸ್ 10-18. ಅದು 2023ರದ್ದು, ಬರೀ 150 ಗ್ರಾಂ. ಕೆನಾನ್‌ನ ಅಡಾಪ್ಟರ್ ಇದ್ದರೆ ಹಳೆಯ ಇಎಫ್-ಎಸ್ ಲೆನ್ಸನ್ನೂ ಹಾಕಬಹುದು, ಆಟೋ ಫೋಕಸ್ ಆಗುತ್ತದೆ. ಆರ್‌ಎಫ್ 16 ಎಂಎಂ ಎಫ್ 2.8 ಚಿಕ್ಕದು, ಚೆಂದದ್ದು, ಆದರೆ ಅದು ಫುಲ್ ಫ್ರೇಮ್‌ಗೆ. ಆರ್50ಗೆ ಹಾಕಿದರೆ 26ರಂತೆ ಕಾಣುತ್ತದೆ, ನಿಮ್ಮ ಕಿಟ್ ಲೆನ್ಸಿಗಿಂತ ಹೆಚ್ಚೇನೂ ಅಗಲ ಸಿಗುವುದಿಲ್ಲ. ಇದನ್ನು ಕೊಂಡು ಬೇಜಾರಾದವರು ನನಗೇ ಮೂರು ಜನ ಗೊತ್ತು.

ನಿಕಾನ್ ಡಿ3500, ಡಿ5600 ಇದ್ದರೆ ಎಎಫ್-ಪಿ 10-20 ವಿಆರ್. ಆದರೆ ಡಿ90, ಡಿ7000ದಂಥ ಹಳೆಯ ಕ್ಯಾಮೆರಾ ಬಾಡಿಗಳಲ್ಲಿ ಇದು ಫೋಕಸ್ ಆಗುವುದೇ ಇಲ್ಲ. ಅವಕ್ಕೆ ಟೋಕಿನಾ 11-16 ಎಫ್ 2.8 ಒಳ್ಳೆಯದು. ಝಡ್30, ಝಡ್50, ಝಡ್ಎಫ್‌ಸಿ ಇದ್ದವರಿಗೆ ಝಡ್ ಡಿಎಕ್ಸ್ 12-28.

ಸೋನಿಯವರಿಗೆ ಆಯ್ಕೆ ಜಾಸ್ತಿ. ವಿಡಿಯೋ ಕೂಡ ಮಾಡುವುದಾದರೆ ಇ 10-20 ಎಫ್ 4 ಜಿ. 178 ಗ್ರಾಂ ಅಷ್ಟೇ, ಆದರೆ ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ. ಹಳೆಯ ಇ 10-18 ಎಫ್ 4ರಲ್ಲಿ ಇದೆ. ರಾತ್ರಿಗೆ 11 ಎಂಎಂ ಎಫ್ 1.8. ಎಲ್ಲದಕ್ಕೂ ಒಂದೇ ಬೇಕೆಂದರೆ ಸಿಗ್ಮಾ 10-18 ಎಫ್ 2.8. ಫ್ಯೂಜಿಗೂ ಆ ಸಿಗ್ಮಾ ಸಿಗುತ್ತದೆ, ಇಲ್ಲವಾದರೆ ಫ್ಯೂಜಿಯದೇ 10-24 ಎಫ್ 4.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಏನೇನು ನೋಡಬೇಕು?

ಧೈರ್ಯವಾಗಿ ತಗೊಳ್ಳಿ. ನೋಡಿ ತಗೊಳ್ಳಿ.

ಮೊದಲು ಫಂಗಸ್. ಮೊಬೈಲಿನ ಟಾರ್ಚ್ ಹಾಕಿ ಲೆನ್ಸಿನ ಹಿಂದಿನಿಂದ ಬೆಳಕು ಬಿಡಿ, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೇಡ. ಮಲೆನಾಡು, ಕರಾವಳಿಯಲ್ಲಿ ಎರಡು ಮಳೆಗಾಲ ಬೀರುವಿನೊಳಗೆ ಕೂತ ಲೆನ್ಸಿಗೆ ಇದು ಬರುವುದು ಬಹಳ ಸಾಮಾನ್ಯ. ಒಂದೆರಡು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣುವುದಿಲ್ಲ.

ಆಮೇಲೆ ಎರಡು ಬದಿಯೂ ಒಂದೇ ಥರ ಚೂಪಾಗಿದೆಯಾ ನೋಡಿ. ಇಟ್ಟಿಗೆ ಗೋಡೆಯೋ, ಉದ್ದನೆಯ ಕಾಂಪೌಂಡೋ ಇದ್ದರೆ ಅದರ ಎದುರು ನೇರ ನಿಂತು, ಅತಿ ಅಗಲಕ್ಕೆ ಇಟ್ಟು, ಎಫ್ 5.6ರಲ್ಲಿ ಒಂದು ಫೋಟೋ ತೆಗೆಯಿರಿ. ಪರದೆ ಮೇಲೆ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿ. ನಾಲ್ಕೂ ಸ್ವಲ್ಪ ಮೆತ್ತಗಿದ್ದರೆ ಪರವಾಗಿಲ್ಲ, ವೈಡ್ ಲೆನ್ಸಿನ ಗುಣ ಅದು. ಎಡ ಚೂಪಾಗಿದ್ದು ಬಲ ಮಸುಕಾಗಿದ್ದರೆ ಯಾವತ್ತೋ ಕೆಳಗೆ ಬಿದ್ದ ಲೆನ್ಸ್ ಇರಬಹುದು, ಒಳಗಿನ ಗಾಜು ಸರಿದಿದೆ.

ಮೂರನೆಯದು ನಿಕಾನ್‌ನವರಿಗೆ. ಟೋಕಿನಾ 11-16ರ ಮೊದಲ ಆವೃತ್ತಿಯ ಒಳಗೆ ಮೋಟರ್ ಇಲ್ಲ. ಡಿ90, ಡಿ7000ದಲ್ಲಿ ಬಾಡಿಯೊಳಗೇ ಮೋಟರ್ ಇರುವುದರಿಂದ ಆಟೋ ಫೋಕಸ್ ಆಗುತ್ತದೆ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆಗುವುದಿಲ್ಲ. ನಾನು ಹಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಅದನ್ನು ಕೊಂಡಾಗ, ನನ್ನ ಬಾಡಿ ಯಾವುದು ಅಂತ ಹೇಳಿದ್ದರೂ ಅಂಗಡಿಯವರು ಈ ಮಾತು ಎತ್ತಲಿಲ್ಲ. ಮನೆಗೆ ಬಂದ ಮೇಲೆ ಗೊತ್ತಾಯಿತು, ವಾಪಸ್ ತೆಗೆದುಕೊಳ್ಳಲಿಲ್ಲ. ಆಗ ತುಂಬಾ ನೋವಾಗಿತ್ತು. ಅದಕ್ಕೇ ಎಲ್ಲರಿಗೂ ಹೇಳುತ್ತೇನೆ: ನಿಮ್ಮ ಕ್ಯಾಮೆರಾವನ್ನು ಜೊತೆಗೆ ಒಯ್ಯಿರಿ, ಅದಕ್ಕೇ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಸಾವಿರ ರೂಪಾಯಿಗೆ ಕಿಟ್ ಲೆನ್ಸ್ ಮುಂದೆ ತಿರುಗಿಸಿ ಹಾಕೋ ವೈಡ್ ಗಾಜು ಸಿಗುತ್ತಂತೆ?

ಬೇಡ. ಮಧ್ಯದಲ್ಲಿ ಏನೋ ಕಾಣುತ್ತದೆ, ಅಂಚೆಲ್ಲ ಕಲಸಿಹೋಗುತ್ತದೆ. ಆ ಸಾವಿರವನ್ನು ಲೆನ್ಸಿನ ದುಡ್ಡಿಗೆ ಸೇರಿಸಿಡಿ.

ಮುಂದೆ ಫುಲ್ ಫ್ರೇಮಿಗೆ ಹೋಗ್ತೀನಿ. ಈಗಲೇ ಫುಲ್ ಫ್ರೇಮ್ ಲೆನ್ಸ್ ತಗೊಂಡ್ರೆ ಒಳ್ಳೇದಲ್ವಾ?

16-35ನ್ನು ಈಗಿನ ಕ್ಯಾಮೆರಾಗೆ ಹಾಕಿದರೆ 24-52ರಂತೆ ಕಾಣುತ್ತದೆ. ವೈಡ್ ಬೇಕಂತ ಕೊಂಡು ವೈಡ್ ಸಿಗದೆ ಎರಡು ವರ್ಷ ಕಾಯುವುದು ಯಾಕೆ? ಮುಂದಿನ ಆರು ತಿಂಗಳಲ್ಲಿ ಬದಲಾಯಿಸುವುದು ಖಂಡಿತ ಅಂತಿದ್ದರೆ ಸರಿ. ಇಲ್ಲದಿದ್ದರೆ ಈಗಿನ ಸೆನ್ಸರಿಗೆ ಒಪ್ಪುವುದನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಮಾರುವಾಗ ದೊಡ್ಡ ನಷ್ಟವೇನೂ ಆಗುವುದಿಲ್ಲ.

## ಕೈಗೆ ಬಂದ ಮೇಲೆ

ಲೆನ್ಸ್ ಬಂತು. ಆದ್ರೆ ಫೋಟೋ ಎಲ್ಲಾ ಖಾಲಿ ಖಾಲಿ. ಜೋಗ ನೋಡಿದ್ರೆ ದಾರದ ಥರ ಕಾಣುತ್ತೆ!

ಈ ಪ್ರಶ್ನೆ ಬಂದರೆ ನನಗೆ ಖುಷಿಯಾಗುತ್ತದೆ. ಕಲಿಕೆ ಶುರುವಾಗುವುದು ಇಲ್ಲಿಂದ.

ಜೋಗದ ನೀರು 253 ಮೀಟರ್ ಎತ್ತರದಿಂದ ಬೀಳುತ್ತದೆ. ಆದರೆ ನೋಡುವ ಜಾಗ ಕಣಿವೆಯ ಆಚೆ ಬದಿಯಲ್ಲಿದೆ. ಅಲ್ಲಿಂದ 10 ಎಂಎಂನಲ್ಲಿ ತೆಗೆದರೆ ಜಲಪಾತ ಫ್ರೇಮಿನ ಸಣ್ಣ ತುಂಡಾಗುತ್ತದೆ, ಮಿಕ್ಕಿದ್ದೆಲ್ಲ ಆಕಾಶ ಮತ್ತು ಪೊದೆ. ಅಲ್ಲಿ ಕಿಟ್ ಲೆನ್ಸಿನ 35, 50 ಒಳ್ಳೆಯದು. ವೈಡ್ ಲೆನ್ಸ್ ದೂರದ್ದನ್ನೆಲ್ಲ ಚಿಕ್ಕದು ಮಾಡುತ್ತದೆ, ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ. ಅದು "ಎಲ್ಲ ಹಿಡಿಯುವ" ಲೆನ್ಸ್ ಅಲ್ಲ, ಹತ್ತಿರ ಹೋಗುವ ಲೆನ್ಸ್. ನನಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಹೀಗೆ ಮಾಡಿ ನೋಡಿ. ಮಳೆ ನಿಂತ ಬೆಳಗ್ಗೆ ಒಂದು ಹಳ್ಳದ ಹತ್ತಿರ ಹೋಗಿ. ಪಾಚಿ ಹಿಡಿದ ಒಂದು ಕಲ್ಲು ಹುಡುಕಿ. ಅದರ ಮುಂದೆ ಮಂಡಿಯೂರಿ, ಲೆನ್ಸ್ ಕಲ್ಲಿನಿಂದ ಒಂದೂವರೆ ಅಡಿ ದೂರದಲ್ಲಿರಲಿ. ಈಗ ಕಲ್ಲು ಫ್ರೇಮಿನ ಕಾಲು ಭಾಗ ತುಂಬುತ್ತದೆ, ನೀರು ಅದರ ಪಕ್ಕದಿಂದ ಹರಿದು ಹಿಂದಕ್ಕೆ ಹೋಗುತ್ತದೆ, ದೂರದಲ್ಲಿ ಕಾಡು. ನೋಡುವವರ ಕಣ್ಣು ಕಲ್ಲಿನಿಂದ ನೀರಿಗೆ, ನೀರಿನಿಂದ ಕಾಡಿಗೆ ನಡೆಯುತ್ತದೆ. ಅದೇ ಜಾಗದಲ್ಲಿ ಎದ್ದು ನಿಂತು ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ.

ಸಂತೆಯಲ್ಲೂ ಇದೇ. ಹೂವಿನ ಬುಟ್ಟಿಯ ಹತ್ತಿರ ಕೂತು, ಮಾರುವ ಅಮ್ಮನ ಹತ್ತಿರ ಮಾತಾಡಿ, ಕೇಳಿ ತೆಗೆಯಿರಿ. ಎರಡು ಅಡಿ ದೂರದಿಂದ ಕದ್ದು ತೆಗೆಯಲು ಆಗುವುದಿಲ್ಲ. ಅದು ಒಳ್ಳೆಯದೇ.

ಗ್ರೂಪ್ ಫೋಟೋದಲ್ಲಿ ತುದೀಲಿ ನಿಂತವರು ದಪ್ಪ ಕಾಣ್ತಾರೆ, ಯಾಕೆ?

ಗೆರೆಗಳನ್ನು ನೇರ ಇಡಲು ವೈಡ್ ಲೆನ್ಸ್ ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ. ಗೋಡೆಗೆ ಇದು ಗೊತ್ತಾಗುವುದಿಲ್ಲ, ಮುಖಕ್ಕೆ ಗೊತ್ತಾಗುತ್ತದೆ. ಲೆನ್ಸಿನ ದೋಷವಲ್ಲ, ಬೆಲೆ ಜಾಸ್ತಿಯ ಲೆನ್ಸಿನಲ್ಲೂ ಹೀಗೇ. ನನ್ನ ಚಿಕ್ಕಮ್ಮನ ಮಗಳ ಮದುವೆಯಲ್ಲಿ ವೇದಿಕೆ ಮುಂದೆ ಜಾಗ ಇಲ್ಲದೆ 11 ಎಂಎಂನಲ್ಲಿ ಇಡೀ ಮನೆಯವರನ್ನು ತೆಗೆದೆ. ತುದಿಯಲ್ಲಿದ್ದ ಅಜ್ಜಿಯ ಮುಖ ಎಳೆದುಹೋಯಿತು. ಆ ದಿನದ ಅಜ್ಜಿಯ ಫೋಟೋ ಅದೊಂದೇ, ಈಗಲೂ ಬೇಜಾರಿದೆ. ಕುರ್ಚಿ ಸರಿಸಿಯಾದರೂ ಹಿಂದೆ ಹೋಗಿ, 18 ಅಥವಾ 24ರಲ್ಲಿ ತೆಗೆಯಿರಿ. ಆಗದಿದ್ದರೆ ಎರಡು ತುದಿಯಲ್ಲೂ ಖಾಲಿ ಜಾಗ ಬಿಡಿ, ಆಮೇಲೆ ಕತ್ತರಿಸಬಹುದು.

ಕಟ್ಟಡ ಹಿಂದಕ್ಕೆ ಬಿದ್ದ ಹಾಗೆ ಬರುತ್ತೆ. ಲೆನ್ಸ್ ಹಾಳಾಗಿದೆಯಾ?

ಇಲ್ಲ. ನೀವು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದೀರಿ. ನೇರ ಹಿಡಿದರೆ ಕಂಬ ನೇರ ನಿಲ್ಲುತ್ತದೆ. ಆಗ ಕೆಳಗೆ ನೆಲ ಜಾಸ್ತಿ ಬರುತ್ತದೆ. ಅಲ್ಲಿ ರಂಗೋಲಿಯೋ ನೀರಿನ ಗುಂಡಿಯೋ ಇದ್ದರೆ ಉಪಯೋಗಿಸಿಕೊಳ್ಳಿ, ಇಲ್ಲದಿದ್ದರೆ ಕತ್ತರಿಸಿ. ಕಂಪ್ಯೂಟರಿನಲ್ಲೂ ಸರಿ ಮಾಡಬಹುದು, ಆದರೆ ಅಂಚು ಕಳೆದುಕೊಳ್ಳುತ್ತೀರಿ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು.

ಪೋಲರೈಸರ್ ಹಾಕಿದ್ರೆ ಆಕಾಶದ ಮಧ್ಯ ಮಾತ್ರ ಕಡು ನೀಲಿ ಆಗುತ್ತೆ.

ಪೋಲರೈಸರ್ ಅಂದರೆ ಲೆನ್ಸ್ ಮುಂದೆ ಹಾಕುವ, ಹೊಳಪು ತಗ್ಗಿಸುವ ಫಿಲ್ಟರ್. ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶದ ಮೇಲೆ ಮಾತ್ರ ಪೋಲರೈಸರ್ ಜೋರಾಗಿ ಕೆಲಸ ಮಾಡುತ್ತದೆ. 10 ಎಂಎಂ ಲೆನ್ಸ್ ಅಡ್ಡಡ್ಡ ಸುಮಾರು 100 ಡಿಗ್ರಿ ನೋಡುತ್ತದೆ. ಹಾಗಾಗಿ ಒಂದು ಭಾಗ ಕಡು, ಮಿಕ್ಕಿದ್ದು ತಿಳಿ. ಆಕಾಶಕ್ಕೆ ಬಳಸಬೇಡಿ. ಒದ್ದೆ ಎಲೆ, ಒದ್ದೆ ಬಂಡೆಯ ಹೊಳಪು ತೆಗೆಯಲು ಬಳಸಿ, ಮಳೆಗಾಲದ ಹಸಿರು ಎದ್ದು ಬರುತ್ತದೆ.

## ಇನ್ನೂ ಸ್ವಲ್ಪ ಮುಂದೆ

ಹತ್ತಿರದ ಕಲ್ಲೂ ದೂರದ ಬೆಟ್ಟವೂ ಎರಡೂ ಚೂಪಾಗಿರಬೇಕು. ಫೋಕಸ್ ಎಲ್ಲಿಗೆ?

10 ಎಂಎಂ, ಎಫ್ 8 ಇಟ್ಟು ಸುಮಾರು 2 ಅಡಿ ದೂರಕ್ಕೆ ಫೋಕಸ್ ಮಾಡಿದರೆ ಒಂದು ಅಡಿಯಿಂದ ಬೆಟ್ಟದವರೆಗೆ ಎಲ್ಲ ಚೂಪಾಗಿ ಬರುತ್ತದೆ. ಇದಕ್ಕೆ ಹೈಪರ್‌ಫೋಕಲ್ ದೂರ ಅನ್ನುತ್ತಾರೆ. 16 ಎಂಎಂ ಆದರೆ ಅದು 5 ಅಡಿಗೆ ಹೋಗುತ್ತದೆ. ನಾನು ಲೆಕ್ಕಕ್ಕಿಂತ ಇನ್ನೊಂದು ಅರ್ಧ ಅಡಿ ಆಚೆ ಇಡುತ್ತೇನೆ, ದೂರದ ಗೆರೆ ಗಟ್ಟಿಯಾಗಿರಲಿ ಅಂತ. ಎಲ್ಲ ಚೂಪಾಗಲಿ ಎಂದು ಎಫ್ 22ಕ್ಕೆ ಹೋಗಬೇಡಿ. ತೀರಾ ಸಣ್ಣ ಕಂಡಿಯಲ್ಲಿ ಹಾದ ಬೆಳಕು ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತದೆ.

ಕ್ಯಾಮೆರಾದಲ್ಲಿ ಗೆರೆ ನೇರ ಇತ್ತು. ರಾ ಫೈಲ್ ತೆರೆದ್ರೆ ಬಾಗಿದೆ, ಮೂಲೆ ಕಪ್ಪಾಗಿದೆ!

ಈಗಿನ ಸಣ್ಣ ಮಿರರ್‌ಲೆಸ್ ವೈಡ್ ಲೆನ್ಸುಗಳು ಬಾಗು, ಕಪ್ಪು ಮೂಲೆಗಳನ್ನು ಸಾಫ್ಟ್‌ವೇರ್ ಸರಿಮಾಡುತ್ತದೆ ಅಂತ ನಂಬಿಯೇ ತಯಾರಾಗುತ್ತವೆ. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಸರಿಮಾಡಿ ಕೊಡುತ್ತದೆ. ರಾ ಅಂದರೆ ಹಾಗೆ ತಿದ್ದದ ಕಚ್ಚಾ ಫೈಲ್. ರಾ ತೆರೆಯುವಾಗ ಲೆನ್ಸ್ ಪ್ರೊಫೈಲ್ ಆನ್ ಮಾಡಿ, ಸರಿಹೋಗುತ್ತದೆ. ಮೂಲೆಯನ್ನು ಬೆಳ್ಳಗೆ ಮಾಡಿದಾಗ ಅಲ್ಲಿ ಸ್ವಲ್ಪ ನಾಯ್ಸ್, ಅಂದರೆ ಕಾಳುಕಾಳು, ಜಾಸ್ತಿಯಾಗುತ್ತದೆ, ರಾತ್ರಿ ಫೋಟೋದಲ್ಲಿ ಅದು ಕಾಣುತ್ತದೆ.

ಅದಿರಲಿ, ಮಿರರ್‌ಲೆಸ್ ವೈಡ್ ಲೆನ್ಸ್ ಅಷ್ಟು ಚಿಕ್ಕದು ಹೇಗೆ?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ಮಧ್ಯೆ ಕನ್ನಡಿ ಏಳಬೇಕು, ಇಳಿಯಬೇಕು. ನಿಕಾನ್‌ನ ಎಫ್ ಮೌಂಟಿನಿಂದ, ಅಂದರೆ ಲೆನ್ಸ್ ಕೂರುವ ಬಾಯಿಯಿಂದ, ಸೆನ್ಸರಿಗೆ 46.5 ಎಂಎಂ ದೂರ. 10 ಎಂಎಂ ಲೆನ್ಸ್ ಅಷ್ಟು ದೂರದಿಂದ ಚಿತ್ರ ಬೀಳಿಸಬೇಕಾದರೆ, ಮುಂದೆ ದೊಡ್ಡ ಗಾಜಿಟ್ಟು ಬೆಳಕನ್ನು ಮೊದಲು ಹರಡಿ, ಹಿಂದೆ ಮತ್ತೆ ಕೂಡಿಸಬೇಕು. ಫ್ರಾನ್ಸಿನ ಪಿಯರ್ ಆಂಜನ್ಯೂ 1950ರಲ್ಲಿ ಇಂಥ 35 ಎಂಎಂ ಲೆನ್ಸ್ ತಂದರು, ಅದರ ಹೆಸರು ರೆಟ್ರೋಫೋಕಸ್. ಈಗ ಕನ್ನಡಿ ಹೋಗಿದೆ. ನಿಕಾನ್ ಝಡ್‌ನಲ್ಲಿ ಆ ದೂರ 16 ಎಂಎಂ, ಸೋನಿಯಲ್ಲಿ 18, ಕೆನಾನ್ ಆರ್‌ಎಫ್‌ನಲ್ಲಿ 20. ಹಿಂದಿನ ಗಾಜು ಸೆನ್ಸರಿನ ಹತ್ತಿರಕ್ಕೇ ಬರಬಹುದು, ಮುಂದಿನದು ಚಿಕ್ಕದಾಗಬಹುದು.

ನಕ್ಷತ್ರ, ಆಕಾಶಗಂಗೆ ತೆಗೀಬೇಕು. ಇದೇ ಲೆನ್ಸಲ್ಲಿ ಆಗುತ್ತಾ?

ಎಫ್ 4.5 ಝೂಮಿನಲ್ಲಿ ಪ್ರಯತ್ನಪಟ್ಟರೆ ಆಗುತ್ತದೆ, ನಾಯ್ಸ್ ಇರುತ್ತದೆ. ಎಫ್ 1.8ರ ಲೆನ್ಸ್ ಅದಕ್ಕಿಂತ ಆರು ಪಟ್ಟು ಬೆಳಕು ಹಿಡಿಯುತ್ತದೆ. ದುಡ್ಡು ಕಡಿಮೆ ಇದ್ದರೆ ಸ್ಯಾಮ್‌ಯಾಂಗ್ 12 ಎಂಎಂ ಎಫ್ 2, ಮ್ಯಾನ್ಯುಯಲ್ ಫೋಕಸ್‌ನದು ನೋಡಿ. ನಕ್ಷತ್ರಕ್ಕೆ ಹೇಗೂ ಕೈಯಲ್ಲೇ ಫೋಕಸ್ ಮಾಡಬೇಕು. ಪರದೆ ಮೇಲೆ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಅತಿ ಸಣ್ಣ ಚುಕ್ಕೆ ಆಗುವವರೆಗೆ ತಿರುಗಿಸಿ. ಟ್ರೈಪಾಡ್ ಮೇಲೆ 10-12 ಎಂಎಂನಲ್ಲಿ 20 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ರಿಂದ ಶುರು ಮಾಡಿ. ಅದಕ್ಕಿಂತ ಬಹಳ ಉದ್ದ ಬಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕೆ ಗೆರೆಯಾಗುತ್ತದೆ.

ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕ ಒಳ್ಳೆಯ ಕಾಲ. ಮಾರ್ಚ್‌ನಲ್ಲಿ ಬೆಳಗಿನ ಜಾವ, ಮೇ ಹೊತ್ತಿಗೆ ನಡುರಾತ್ರಿಗೇ ಆಕಾಶಗಂಗೆಯ ದಟ್ಟ ಭಾಗ ಆಗ್ನೇಯದಲ್ಲಿ ಮೇಲೇಳುತ್ತದೆ. ಜೂನ್‌ಗೆ ಮೋಡ ಬಂದುಬಿಡುತ್ತದೆ. ಅಮಾವಾಸ್ಯೆಯ ಆಸುಪಾಸಿನ ದಿನ ನೋಡಿ, ಊರಿನ ದೀಪದಿಂದ ದೂರ ಹೋಗಿ. ಮುಂದೆ ಒಂದು ಮರವೋ, ಬಂಡೆಯೋ, ಹಾಳು ಮಂಟಪವೋ ಇರಲಿ, ಅದರ ಹತ್ತಿರ ನಿಲ್ಲಿ.